ಒಂದೇ ಬಾಂಡ್ಲಿ

“ಬಾಂಡ್ಲಿ ತುಂಬು ಅಂದ್ರೆ ಬಾಯ್ಮಟ ತುಂಬ್ಬೇಕು ಕಣಮ್ಮಿ! ಮದ್ವೆ ಮನೆಗೆ ಹೂವ ಹೊತ್ತಂಗೆ ತತ್ತೀಯಲ್ಲೇ, ಲೌಡಿ!”

ಮೇಸ್ತ್ರಿ ಕೆಂಪರಾಜು ಅರಚಿದ್ದು ಸರಸಮ್ಮನ ಮಗಳು ಭಾನುಪ್ರಿಯಳಿಗೆ. ಐದು ತಿಂಗಳ ಬಸುರಿ. ಹಾರೋಹಳ್ಳಿಯ ಆ ಕಾರ್ಖಾನೆಯಲ್ಲಿ ಹಳೆ ಬ್ಯಾಟರಿ ಒಡೆದು ಎರಡು ಗುಡ್ಡೆ ಹಾಕುತ್ತಿದ್ದರು. ಒಂದು ಪ್ಲಾಸ್ಟಿಕ್ ಚಿಪ್ಪಿನದು, ಇನ್ನೊಂದು ಸೀಸದ್ದು. ಊರೊಳಗಿನ ಹೆಂಗಸರಿಗೆ ಪ್ಲಾಸ್ಟಿಕ್, ಕಾಲೋನಿಯವರಿಗೆ ಸೀಸ. ಅದ್ಯಾವ ಪುಣ್ಯಾತ್ಮ ಹಂಚಿದ್ದನೋ, ಯಾರೂ ಕೇಳುವ ಹಾಗಿರಲಿಲ್ಲ.

“ಬಾಂಡ್ಲಿ ಎಲ್ರಿಗೂ ಒಂದೇ. ನಿಂಗೇನು ಸ್ಪೆಶಲ್ಲು?”

“ಬಾಂಡ್ಲಿ ಒಂದೇ ಸಾ, ಗಾತ್ರ ಒಂದೇಯ. ದ್ರವ್ಯರಾಶಿ ಬ್ಯಾರೆ. ಅಷ್ಟೇ ಜಾಗದಲ್ಲಿ ಸೀಸ ಒತ್ತಾಗಿ ತುಂಬ್ಕೊಂಡಿರ್ತದೆ. ಸಾಂದ್ರತೆ ಅಂತಾರೆ. ಸ್ಕೂಲಲ್ಲಿ ಓದಿವ್ನಿ.”

ಕೆಂಪರಾಜು ಹಲ್ಲು ಕಿರಿದ. “ಸಾಂದ್ರತೆಯಂತೆ! ಕೇಳಿದ್ರೇನ್ರಮ್ಮಿ? ಕಾಲೋನಿಯೋಳು ನಮಗೇ ಪಾಠ ಮಾಡ್ತಾವ್ಳೆ. ಬಸುರಾಗಿದ್ದೂ ಓದ್ಕೊಂಡೇ ಏನೇ?”

ಪ್ಲಾಸ್ಟಿಕ್ ಗುಡ್ಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸರಸಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಬಾಯಿ ಬಿಟ್ಟರೆ ಇಬ್ಬರಿಗೂ ನಾಳೆಯಿಂದ ಗೇಟು ಬಂದ್. ಊಟದ ಹೊತ್ತಿನಲ್ಲಿ ಯಾರೂ ಕಾಣದಂತೆ ಮಗಳ ಬಾಂಡ್ಲಿಯ ತಳಕ್ಕೆ ಚಿಪ್ಪು ತುಂಬಿ, ಮೇಲೊಂದು ಪದರ ಸೀಸ ಹರಡಿದಳು.

“ಒಸಿ ಬಗ್ಗಿ ನಡಿ ಮಗ, ಭಾರ ಐತೆ ಅನ್ನೋ ಹಂಗೆ.”

ಕಾಲೋನಿಯವರು ಹೊತ್ತ ಬಾಂಡ್ಲಿಯನ್ನು ಕೆಂಪರಾಜು ಕೈಯಿಂದ ಮುಟ್ಟುವವನಲ್ಲ. ಅವನ ತಪಾಸಣೆಯೆಲ್ಲ ಕಾಲಲ್ಲೇ. ಭಾನುಪ್ರಿಯ ಕುಲುಮೆಯ ಮುಂದೆ ಇಳಿಸಿದ್ದೇ ತಡ, ಒದ್ದ. ಬಾಂಡ್ಲಿ ಮಗುಚಿಕೊಂಡು ಕರಿ ಚಿಪ್ಪೆಲ್ಲ ಚೆಲ್ಲಿತು.

“ಕಳ್ ಮುಂಡೇವಾ!” ಸಲಿಕೆಯನ್ನು ಸರಸಮ್ಮನ ಕಡೆ ಎಸೆದ. “ಈಗ ನೀನೇ ತುಂಬು ಸೀಸವ. ನೀನೇ ಎತ್ತಿಡು ಅವಳ ತಲೆ ಮ್ಯಾಲೆ.”

ಸರಸಮ್ಮ ಕೈ ಮುಗಿದಳು, ಕಾಲು ಹಿಡಿಯಲು ಹೋದಳು. ಅವನು ಕಾಲು ಹಿಂದಕ್ಕೆಳೆದುಕೊಂಡ. ಕೊನೆಗೆ ತುಂಬಿದಳು. ಸಾಕಿದ ಕೈಯಿಂದಲೇ ಎತ್ತಿಟ್ಟಳು.

ಹತ್ತು ಹೆಜ್ಜೆಗೆ ಭಾನುಪ್ರಿಯ ಕುಸಿದಳು. ಸೀರೆ ಕೆಂಪಗೆ ಒದ್ದೆಯಾಗಿ ರಕ್ತ ನೆಲಕ್ಕಿಳಿಯಿತು.

“ನೀರು ಹಾಕಿ ತೊಳೀರಮ್ಮಿ, ಸಾವ್ಕಾರ್ರು ಬತ್ತಾವ್ರೆ” ಅಂದ ಮೇಸ್ತ್ರಿ.

ಕೂಸನ್ನು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ್ದು ಸರಸಮ್ಮ. ಅಂಗೈಯಷ್ಟೇ ಇತ್ತು. ದಿನವಿಡೀ ಸೀಸ ಹೊತ್ತವಳಿಗೆ ಅದನ್ನು ಎತ್ತಲಾಗಲಿಲ್ಲ.

ನಾಲ್ಕನೇ ದಿನ ಮಗಳನ್ನು ಮನೆಯಲ್ಲಿ ಮಲಗಿಸಿ ಸರಸಮ್ಮ ಒಬ್ಬಳೇ ಕೆಲಸಕ್ಕೆ ಬಂದಳು. ಬಾಂಡ್ಲಿಗೆ ಸೀಸ ಒತ್ತಿ ಒತ್ತಿ ತುಂಬಿದಳು, ಮೇಲೆ ನಾಲ್ಕು ಹಿಡಿ ಪ್ಲಾಸ್ಟಿಕ್ ಚಿಪ್ಪು ಹರಡಿದಳು. ಹೊತ್ತು ತಂದು ಮೇಸ್ತ್ರಿಯ ಕೋಣೆಯ ಬಾಗಿಲಿಗೆ ಅಡ್ಡ ಇಟ್ಟು ಪಕ್ಕದಲ್ಲಿ ನಿಂತಳು.

ಕೆಂಪರಾಜು ಹೊರಬಂದ. “ಊರೋರ ಗುಡ್ಡೆಗೆ ಕೈ ಹಾಕಿದ್ಯೇನೇ, ದರಿದ್ರ ಮುಂಡೆ!”

ಚಪ್ಪಲಿ ಕಾಲನ್ನು ಹಿಂದಕ್ಕೆಳೆದು, ಇದ್ದಬದ್ದ ಶಕ್ತಿಯನ್ನೆಲ್ಲ ಬಿಟ್ಟು ಒದ್ದ.

ಬಾಂಡ್ಲಿ ಅಲುಗಲಿಲ್ಲ. ಲಟಕ್ಕೆಂದದ್ದು ಅವನ ಬೆರಳು.

“ಅಯ್ಯಯ್ಯಪ್ಪೋ! ಎತ್ರೋ ನನ್ನ!”

ನೆಲದಲ್ಲಿ ಹೊರಳಾಡಿದ. ಉಗುರು ಕಿತ್ತು ರಕ್ತ ಹರಿಯುತ್ತಿತ್ತು. ಪ್ಲಾಸ್ಟಿಕ್ ಹೊತ್ತ ಹೆಂಗಸರು ನಿಂತಲ್ಲೇ ನಿಂತರು. ಈ ಸಲ ಯಾರೂ ನಗಲಿಲ್ಲ, ಯಾರೂ ಎತ್ತಲೂ ಇಲ್ಲ.

“ಬಾಂಡ್ಲಿ ಎಲ್ರಿಗೂ ಒಂದೇ ಕಣ್ಲಾ,” ಅಂದಳು ಸರಸಮ್ಮ.

ಆಮೇಲೆ ಹೆಂಗಸರ ಕಡೆ ತಿರುಗಿದಳು.

“ನೀರು ಹಾಕಿ ತೊಳೀರಮ್ಮಿ. ಸಾವ್ಕಾರ್ರು ಬತ್ತಾವ್ರೆ.”