ಬರ್ತೇನಿ ಅಂದ ವಾಲ್ವ್

ಅಂಗೈ ಅಗಲದ ಒಂದು ಪೆಟ್ಟಿಗೆ ನಿಡೋಣಿಯ ರುಕ್ಮವ್ವನನ್ನು ಸ್ಟೇಷನ್ ರಸ್ತೆಯ ಮಾಳಿಗೆ ಆಫೀಸಿನಲ್ಲಿ ಮಧ್ಯಾಹ್ನದಿಂದ ಕೂರಿಸಿತ್ತು. ದ್ರಾಕ್ಷಿ ತೋಟದ ವಾಲ್ವುಗಳನ್ನು ಒಂದಾದ ಮೇಲೊಂದು ತೆರೆದು ಮುಚ್ಚುವ ಪೆಟ್ಟಿಗೆ ಅದು. ಹೋದ ವರ್ಷ ಬೇರೆಲ್ಲೋ ಕೊಂಡದ್ದು ನೀರು ನಿಲ್ಲಿಸದೆ ಅವಳ ಎರಡು ಸಾಲು ಬಳ್ಳಿ ಕೊಳೆಸಿತ್ತು. ಈ ಸಲ ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದಿತ್ತು, ಬೆಳಗಾದರೆ ನೀರು ಬಿಡಬೇಕು.

"ನನ್ನ ಕಣ್ಣ ಮುಂದ ಪರೀಕ್ಷಾ ಪಾಸಾದ್ರ ಒಯ್ತೇನಿ. ಇಲ್ಲಾಂದ್ರ ನಿಮ್ಮ ಪೆಟ್ಟಿಗಿ ನಿಮ್ಮ ಹಂತೇಕ ಇರ್ಲಿ," ಅಂದಿದ್ದಳು.

ಇವತ್ತೇ ಕೊಡುತ್ತೇನೆಂದು ಮಾತು ಕೊಟ್ಟವಳು ಆ ಆಫೀಸಿನ ಸೈಮಾ. ಪೆಟ್ಟಿಗೆಯ ಪ್ರೋಗ್ರಾಮು ಬರೆದವರು ಇಬ್ಬರು: ವಾಲ್ವ್ ಮುಚ್ಚುವ ಭಾಗ ಕನಮಡಿಯ ಗೌತಮನದು, ಅದು ಮುಚ್ಚುವ ತನಕ ಕಾದು ಮುಂದಿನದನ್ನು ತೆರೆಯುವ ಭಾಗ ಸೈಮಾಳದು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ಎರಡು ಬಗೆಯ ಬಿಲ್ಡಾಗಿ ಕಟ್ಟಿಕೊಡುತ್ತಿತ್ತು. ನಿಧಾನದ ಬಿಲ್ಡು ಬರೆದದ್ದನ್ನು ಬರೆದಂತೆಯೇ ಇಡುತ್ತದೆ, ಆದರೆ ಪೆಟ್ಟಿಗೆಯಲ್ಲಿ ಹಿಡಿಸದಷ್ಟು ದೊಡ್ಡದು. ವೇಗದ ಬಿಲ್ಡು ಬೇಡವೆನಿಸಿದ್ದನ್ನು ಕಿತ್ತು ಚಿಕ್ಕದಾಗುತ್ತದೆ. ನಿಧಾನದ್ದರಲ್ಲಿ ಎಲ್ಲ ಪರೀಕ್ಷೆಯೂ ಪಾಸು. ವೇಗದ್ದು ಮಾತ್ರ, ಒಂದು ವಾಲ್ವ್ ಮುಚ್ಚಿ ಇನ್ನೊಂದು ತೆರೆಯುವ ಹನ್ನೊಂದನೆಯ ಪರೀಕ್ಷೆಗೆ ಬಂದು ಕಲ್ಲಾಗಿ ಕೂರುತ್ತಿತ್ತು. ತಪ್ಪೆಂದೂ ಹೇಳದು, ಸರಿಯೆಂದೂ ಹೇಳದು.

ಎಲ್ಲಿ ಸಿಕ್ಕಿಕೊಂಡಿದೆ ನೋಡೋಣವೆಂದು ಸೈಮಾ ಗೌತಮನ ಭಾಗದೊಳಗೆ, ಪರದೆಗೆ ಎರಡು ಮಾತು ಬರೆಯುವ ಒಂದು ಸಾಲು ಸೇರಿಸಿದಳು. ಪಾಸಾಯಿತು. ಸಾಲು ತೆಗೆದಳು. ನಿಂತಿತು.

"ನೀ ನೋಡಾಕತ್ತಿದ್ರ ದುಡೀತೈತಿ, ಬೆನ್ನು ತಿರುವಿದ್ರ ಕುಂದರ್ತೈತಿ. ನಮ್ಮ ಅಮೋಘಿ ಕಾಕಾನ ಗತೆ," ಎಂದ ಗೌತಮ. "ಆ ಸಾಲು ಹಂಗ ಇಟ್ಟು ಕಳಿಸಿಬಿಡು."

"ಯಾಕ ನಡದೈತಿ ಅಂತ ನಮಗ ಗೊತ್ತಿಲ್ಲದ್ದನ್ನ ಅವರ ತೋಟಕ್ಕ ಹಚ್ಚಲೇನು?"

ತಪ್ಪು ಹುಡುಕುವ ಡಿಬಗ್ಗರ್ ಹಚ್ಚಿ, ಪ್ರೋಗ್ರಾಮು ನಿಂತಲ್ಲೇ ಒಳಗೆ ಇಣುಕಿದಳು. ವಾಲ್ವಿನ ಸ್ಥಿತಿ ಬರೆದಿಡುವ ಜಾಗದಲ್ಲಿ ಒಂದೇ ಪದ: 'ಬರ್ತೇನಿ'. ವಾಲ್ವ್ ಬರುತ್ತೇನೆ ಅಂದಿದೆ, ತಾನು ಬರೆದ ಭಾಗ ಕಾಯುತ್ತಿದೆ. ಸರಿಯೇ ಇದೆಯಲ್ಲ. ಮತ್ತೇಕೆ ಬರುತ್ತಿಲ್ಲ?

ರುಕ್ಮವ್ವ ಚೀಲ ಎತ್ತಿಕೊಂಡು ಎದ್ದಳು. "ಬಸ್ಸಿನ ಹೊತ್ತಾತು. ನಾ ಬರ್ತೇನಿ ತಂಗಿ."

ಪರದೆಯಿಂದ ಕಣ್ಣು ಕೀಳದೆ ಸೈಮಾ, "ಬರ್ರಿ ಯವ್ವಾ, ಕುಂದರ್ರಿ," ಅಂದಳು.

"ಅಯ್ಯ ಇಕಿನ! ಹೊಂಟು ನಿಂತಾಕಿಗೆ ಬಾ, ಕುಂದರು ಅಂತಾಳಲ್ಲ! ಇಷ್ಟೊತ್ತು ಕುಂತದ್ದು ಸಾಲಲಿಲ್ಲೇನ?"

ಸೈಮಾಳ ಕೈ ಅಲ್ಲಿಗೇ ನಿಂತಿತು. "ಗೌತಮ, ನಿನ್ನ ಈ 'ಬರ್ತೇನಿ' ಅಂದ್ರ ಏನೋ?"

"ಏನಂದ್ರ? ಕೆಲಸ ಮುಗಿಸಿ ಹೊಂಟೆ ಅಂತ."

"ನಾ ಇನ್ನೂ ಬರಾಕತ್ತೈತಿ ಅಂತ ಕಾಯಾಕತ್ತೀನಲ್ಲೋ!"

ಗೌತಮನ ಭಾಗ ಮೊದಲು 'ಮುಗೀತು' ಎಂದು ಬರೆದು, ಅದೇ ಜಾಗದಲ್ಲಿ ಬೆನ್ನಿಗೇ 'ಬರ್ತೇನಿ' ಎಂದು ಬರೆದು ಹೊರಡುತ್ತಿತ್ತು. ನಿಧಾನದ ಬಿಲ್ಡಿನಲ್ಲಿ 'ಮುಗೀತು' ಒಂದು ಗಳಿಗೆಯಾದರೂ ಕಾಣುತ್ತಿತ್ತು. ಸೈಮಾಳ ಭಾಗ ಅದನ್ನು ಹಿಡಿಯುತ್ತಿತ್ತು. ವೇಗದ ಬಿಲ್ಡು, ಮರುಗಳಿಗೆಗೆ ಅಳಿಸಿಹೋಗುವ ಪದವನ್ನು ಬರೆಯುವುದೇಕೆಂದು ಅದನ್ನು ಬಿಟ್ಟೇಬಿಟ್ಟಿತ್ತು. ಆ ಎರಡು ಪದಗಳ ನಡುವೆ ಸೈಮಾಳ ಸಾಲು ಬಂದಾಗ ಮಾತ್ರ ಬಿಡಲಾಗದೆ ಬರೆದಿತ್ತು.

ಸೈಮಾಳ ಮನೆಯ ಉರ್ದುವಿನಲ್ಲೂ ಹೊಸಿಲು ದಾಟುವಾಗ ಹೋಗುತ್ತೇನೆ ಎನ್ನುವವರಿಲ್ಲ, 'ಆತೂಂ', ಬರುತ್ತೇನೆ, ಎಂದೇ ಹೇಳುವುದು. ಹೊರಟವರು ತಿರುಗಿ ಬರಲಿ ಎಂಬ ಪ್ರಾರ್ಥನೆ ಆ ಮಾತಿನೊಳಗೇ ಕೂತಿದೆ. ಹುಟ್ಟಿದಾಗಿನಿಂದ ಕೇಳಿದ ಮಾತು. ಯಂತ್ರದೊಳಗೆ ಓದುವಾಗ ಮಾತ್ರ ಮರೆತಿತ್ತು.

"ಎರಡಕ್ಕೂ ಬ್ಯಾರೆ ಬ್ಯಾರೆ ಜಾಗ ಮಾಡೂಣು," ಎಂದಳು. "ಹೊಂಟಾಗ 'ಹೋತು' ಅಂತ ಬರಿ."

"ಹೋತು ಅಂದ್ರ ಸತ್ತಂಗ. ಒಲ್ಲೆ," ಎಂದ ಗೌತಮ.

ಬಾಗಿಲಲ್ಲಿ ನಿಂತಿದ್ದ ರುಕ್ಮವ್ವ ಹೌಹಾರಿದಳು. "ಬ್ಯಾಡೋ ಯಪ್ಪಾ! ನನ್ನ ತೋಟಕ್ಕ ಆ ಮಾತು ತರಬ್ಯಾಡ. 'ಹೋಗಿಬರ್ತೇನಿ' ಅಂತ ಬರೀರಿ. ನಾಳೆ ಮತ್ತ ಮುಚ್ಚಾಕ ಬರಬೇಕಲ್ಲ ಅದು."

ಹಾಗೆಯೇ ಬರೆದರು. ವೇಗದ ಬಿಲ್ಡನ್ನು ನೂರು ಸಲ ಓಡಿಸಿದರು. ನೂರು ಸಲವೂ ಹನ್ನೊಂದನೆಯದು ದಾಟಿತು. ಮೇಜಿನ ಮೇಲಿನ ವಾಲ್ವ್ ಟಕ್ಕೆಂದು ಮುಚ್ಚುವುದನ್ನು ರುಕ್ಮವ್ವ ಕೈಯಿಟ್ಟು ನೋಡಿದಳು. ಸಾಕಾಗದೆ ಇನ್ನೊಮ್ಮೆ ಮುಚ್ಚಿಸಿ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ಹಣೆಗೆ ಮುಟ್ಟಿಸಿ, ಸೆರಗಿನಲ್ಲಿ ಸುತ್ತಿಕೊಂಡಳು.

"ನಮ್ಮೂರ ಬಸ್ಸಂತೂ ತಪ್ಪಿತು. ಬಬಲೇಶ್ವರ ತನಕದ್ದು ಸಿಗತೈತಿ. ಬರ್ತೇನಿ ತಂಗಿ."

ಈ ಸಲ ಸೈಮಾ ಎದ್ದು ಮೆಟ್ಟಿಲ ತನಕ ಬಂದಳು.

"ಹೋಗಿ ಬರ್ರಿ ಯವ್ವಾ."