ಒಂಬತ್ತು ಸೆಕೆಂಡಿನ ಮಾತು

ಹಾರಕ್ಕೆ ಪಿನ್ನು ಚುಚ್ಚಿ ಸಿಕ್ಕಿಸಿದ್ದ ರಿಬ್ಬನ್ನನ್ನು ವೇಣಿ ಹಿಡಿದೆಳೆದಳು. ಒಂದೇ ಎಳೆತಕ್ಕೆ ಬರಲಿಲ್ಲ. ಎರಡನೆಯ ಸಲ ಜಗ್ಗಿದಾಗ ನಾಲ್ಕು ಸುಗಂಧರಾಜ ಹೂವು ಉದುರಿ ಅಪ್ಪನ ಎದೆಯ ಮೇಲೆ ಬಿದ್ದವು. ರಿಬ್ಬನ್ನಿನ ಮೇಲೆ ಕೆರೆ ನೋಡಿಕೊಳ್ಳುವ ಕಂಪನಿಯ ಹೆಸರು ಚಿನ್ನದ ಬಣ್ಣದ ಇಂಗ್ಲಿಷಿನಲ್ಲಿ ಹೊಳೆಯುತ್ತಿತ್ತು. ಅದನ್ನು ಮುದುರಿ, ಹಾರ ತಂದವನ ಕೈಗೇ ಇಟ್ಟಳು.

"ಹೂವು ಇರ್ಲಿ ಸಾರ್. ಹೆಸ್ರು ನೀವೇ ಇಟ್ಕೊಳಿ."

ಹಾರ ತಂದವನು ಮುರಳಿ, ಕಂಪನಿಯ ಸೂಪರ್‌ವೈಸರ್. ಮರ್ಯಾದೆಗೆಂದು ಬೂಟು ಬೀದಿಯಲ್ಲೇ ಬಿಟ್ಟು ಬಂದಿದ್ದ. ಹೆಣಕ್ಕೆ ಹೊಯ್ದ ನೀರು ಅಂಗಳದಲ್ಲಿ ಇನ್ನೂ ನಿಂತಿದ್ದರಿಂದ ಅವನ ಕಾಲುಚೀಲ ಹಿಮ್ಮಡಿಯವರೆಗೂ ತೊಯ್ದಿತ್ತು. ಹೂಡಿಯ ಹಳೇ ಊರಿನ ಆ ಓಣಿಯಲ್ಲಿ ಹೆಂಚಿನ ಮನೆಯೆಂದು ಉಳಿದಿದ್ದು ವೇಣಿಯ ಅಪ್ಪ ಚಿಕ್ಕಬೈರಪ್ಪನದೊಂದೇ. ಎರಡು ಪಕ್ಕಕ್ಕೂ ಐದಂತಸ್ತಿನ ಪೀಜಿ ಹಾಸ್ಟೆಲುಗಳು. ಕೊರಳಿಗೆ ಕಾರ್ಡು ತಗುಲಿಸಿಕೊಂಡ ಹುಡುಗ ಹುಡುಗಿಯರು ಶಾಮಿಯಾನದ ಹಗ್ಗ ದಾಟಿಕೊಂಡು, ಹೆಣದ ಕಡೆ ನೋಡದ ಹಾಗೆ ನೋಡಿ, ಕ್ಯಾಬಿಗೆ ಓಡುತ್ತಿದ್ದರು.

ಮುರಳಿಗೆ ಸಿಟ್ಟು ಬರಲಿಲ್ಲ. ಅದೇ ವೇಣಿಗೆ ಇನ್ನಷ್ಟು ಉರಿಯಾಯಿತು. "ನಿಮ್ಮ ಫೀಲಿಂಗ್ ಅರ್ಥ ಆಗುತ್ತೆ ಮೇಡಂ," ಎಂದ ಅವನು. "ಬೈರಪ್ಪೋರು ತುಂಬಾ ಸಿನ್ಸಿಯರ್. ಆ ಒಂದು ಮಿಸ್ಟೇಕ್ ಬಿಟ್ರೆ ಅವರನ್ನ ಯಾರೂ ಬೆರಳು ಮಾಡಿ ತೋರ್ಸೋ ಹಾಗಿರ್ಲಿಲ್ಲ."

ಹೆಣದ ಕಾಲ ಬಳಿ ಕೂತಿದ್ದ ಸೊಣ್ಣಮ್ಮ, ವೇಣಿಯ ತಾಯಿ, ಸೆರಗು ಬಾಯಿಗೆ ಒತ್ತಿಕೊಂಡಳು.

*

ಚಿಕ್ಕಬೈರಪ್ಪ ಓದಿದ್ದು ನಾಲ್ಕನೇ ಕ್ಲಾಸು. ಎಂಜಿನ್ ಕಲಿತದ್ದು ಎಂಜಿನ್ನಿನಿಂದಲೇ. ಸುತ್ತ ದ್ರಾಕ್ಷಿ ತೋಟಗಳಿದ್ದಾಗ ಡೀಸೆಲ್ ಪಂಪ್‌ಸೆಟ್ಟು, ತೋಟ ಹೋಗಿ ಅಪಾರ್ಟ್‌ಮೆಂಟ್ ಬಂದಾಗ ಜನರೇಟರು, ಕೊನೆಯ ನಾಲ್ಕು ವರ್ಷ ಕೆರೆಯ ಜೊಂಡು ಕೀಳುವ ದೋಣಿ. ಮೂರೂ ಒಂದೇ ಜಾತಿಯವು ಎನ್ನುತ್ತಿದ್ದ. ಎಣ್ಣೆ ನೋಡಿದರೆ ಎಂಜಿನ್ನಿನ ಹೊಟ್ಟೆಯೊಳಗಿನದೆಲ್ಲ ಗೊತ್ತಾಗುತ್ತದೆ ಎಂಬುದು ಅವನ ಮಾತು. ಬೆಳಿಗ್ಗೆ ಷೆಡ್ಡಿಗೆ ಹೋದವನು ಮೊದಲು ಎಣ್ಣೆ ಅಳೆಯುವ ಕಡ್ಡಿ ಎಳೆದು, ತುದಿಯನ್ನು ಹೆಬ್ಬೆರಳಿಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಟೀ ಕುಡಿಯುವುದು.

ಎಂಟು ತಿಂಗಳ ಹಿಂದೆ ಆ ಕಡ್ಡಿಯ ತುದಿಯಲ್ಲಿ ಕಪ್ಪು ಎಣ್ಣೆಯ ಬದಲು ಬಿಳಿಚಿದ ಕಾಫಿ ಬಣ್ಣದ ನೊರೆ ಬಂತು. ಒಂದು ಹನಿಯನ್ನು ಟೀ ಸ್ಟೌವಿನ ಕಾದ ತಗಡಿನ ಮೇಲೆ ಬಿಟ್ಟ. ಚಟಚಟ ಸಿಡಿಯಿತು. ಬರೀ ಎಣ್ಣೆಯಾದರೆ ಹೊಗೆಯಾಡುತ್ತದೆ, ಸಿಡಿಯುವುದು ನೀರು. ಎಣ್ಣೆ ತಣಿಸುವ ಪೈಪನ್ನು ಕೆರೆಯ ನೀರು ಕೊರೆದಿತ್ತು. ಇದು ನೀರಲ್ಲ, ಆಸಿಡ್ಡು, ಹೊಸ ಪೈಪು ತರಿಸಿ ಎಂದು ಅವನು ಎರಡು ಸಲ ಹೇಳಿದ್ದ. ಎರಡು ಸಲವೂ ಮುರಳಿಯ ಉತ್ತರ, ಸ್ವಲ್ಪ ಅಡ್ಜಸ್ಟ್ ಮಾಡಿ. ಕೆಟ್ಟ ಎಣ್ಣೆ ಬಸಿದು ಹೊಸದು ಸುರಿದು ಹತ್ತು ನಿಮಿಷ ಓಡಿಸಿದ. ಮತ್ತೆ ಅದೇ ನೊರೆ. ಪೈಪು ಬಿಚ್ಚಿ, ಕೆರೆ ನೀರು ಒಳಗೆ ಬಾರದ ಹಾಗೆ ಆ ಜಾಗಕ್ಕೆ ಬೇರೆ ತುಂಡು ಹಾಕಿ, ತೂತಾದದ್ದನ್ನು ಚೀಲಕ್ಕೆ ಸೇರಿಸಿ, ಮುರಳಿಗೆ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸಿ, ಬೆಸುಗೆ ಹಾಕಿಸಲು ಎರಡು ಬಸ್ಸು ಬದಲಿಸಿ ಪೀಣ್ಯಕ್ಕೆ ಹೋದ.

ಸಂಜೆ ಬೆಸುಗೆಯ ಪೈಪು ಹಿಡಿದು ವಾಪಸು ಬಂದಾಗ ಏರಿಯ ಮೇಲೆ ಜನ. ದೋಣಿ ಕೆರೆಯ ನಟ್ಟನಡುವೆ ನಿಂತಿತ್ತು. ಕೆರೆ ಉಳಿಸುವ ಕಾರ್ಯಕ್ರಮಕ್ಕೆ ಬಂದ ಹನ್ನೊಂದು ಮಂದಿ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಮೂಗಿಗೆ ಕರ್ಚೀಫು ಹಿಡಿದು, ಆ ನಾತದಲ್ಲಿ ಎರಡೂವರೆ ಗಂಟೆಯಿಂದ ಕೂತಿದ್ದರು. ಎಂಜಿನ್ ಒಳಗೇ ಕಚ್ಚಿಕೊಂಡು ತಿರುಗದೆ ನಿಂತಿತ್ತು. ಚಿಕ್ಕಬೈರಪ್ಪ ಯಾರನ್ನೂ ಏನೂ ಕೇಳದೆ ಹಗ್ಗ ಸೊಂಟಕ್ಕೆ ಬಿಗಿದು ನೀರಿಗೆ ಇಳಿದು ದೋಣಿಯನ್ನು ದಡಕ್ಕೆ ಎಳೆದ. ಜೇಬಿನಲ್ಲಿದ್ದ ಫೋನು, ಒಳಗಿದ್ದ ಆ ರೆಕಾರ್ಡಿನ ಸಮೇತ, ಕೆರೆಗೇ ಹೋಯಿತು.

ಅಷ್ಟರಲ್ಲಿ ಏರಿಯ ಮೇಲಿನವರು ತೆಗೆದ ವಿಡಿಯೊ ಊರೆಲ್ಲ ಸುತ್ತಿತ್ತು. ತಪ್ಪು ಹೊರಿಸಲು ಎಲ್ಲರಿಗೂ ಒಂದು ಹೆಸರು ಬೇಕಿತ್ತು. ಮೂರನೇ ದಿನ ಕೆರೆಯ ವಾಟ್ಸಾಪ್ ಗ್ರೂಪಿಗೆ ಕಂಪನಿಯ ಇಂಗ್ಲಿಷ್ ವರದಿ ಬಂತು. ಕೆಲಸವೆಲ್ಲ ಮುಗಿದಿದೆ ಎಂದು ಮೆಕ್ಯಾನಿಕ್ಕೇ ತಿಳಿಸಿದ್ದ, ಆದ್ದರಿಂದ ತಪ್ಪು ಅವನದು.

ಕಂಪನಿ ಅವನನ್ನು ಕೆಲಸದಿಂದ ಬಿಡಿಸಿತು. ಅಪಾರ್ಟ್‌ಮೆಂಟಿನವರೂ ಜನರೇಟರಿಗೆ ಬೇರೆಯವರನ್ನು ಕರೆದರು. ನಾನಂಗೆ ಯೇಳೇ ಇಲ್ಲ ಎಂದು ಅವನು ಟೀ ಅಂಗಡಿಯಲ್ಲಿ, ಗಿರಣಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಕಂಪನಿಯ ಹತ್ತಿರ ಅವನದೇ ದನಿ ಇದೆಯಂತಲ್ಲ ಎಂದು ಜನ ನಕ್ಕರು. ಆ ದನಿ ಕೇಳಿಸಿ ಎಂದು ವೇಣಿ ಎರಡು ಬಾರಿ ಫೋನು ಮಾಡಿದಳು. ಅದು ಹೆಡ್ ಆಫೀಸಿನಲ್ಲಿದೆ ಎಂದ ಮುರಳಿ.

ಒಂದು ದಿನ ಗಾರ್ಮೆಂಟ್ಸಿನಿಂದ ಸುಸ್ತಾಗಿ ಬಂದವಳ ಮುಂದೆ ಅಪ್ಪ ಮತ್ತದೇ ಶುರು ಮಾಡಿದಾಗ ಅವಳೇ ಅಂದುಬಿಟ್ಟಳು: "ಅರವತ್ತೆಂಟಾಯ್ತು ನಿಂಗೆ. ಹೇಳಿ ಮರ್ತಿರ್ತೀಯ, ಬಿಡಪ್ಪ."

ಅವನು ಬಿಟ್ಟ. ಆಮೇಲೆ ಸಾಯುವವರೆಗೂ ಮನೆಯಲ್ಲಿ ಆ ಮಾತು ಎತ್ತಲಿಲ್ಲ.

*

"ಯಾವ ಮಿಸ್ಟೇಕು ಸಾರ್?" ವೇಣಿ ಕೇಳಿದಳು.

ಚಟ್ಟ ಕಟ್ಟುತ್ತಿದ್ದ ಮುನಿರಾಜು ಎದ್ದು ಬಂದ. ಅವನು ಸೋದರತ್ತೆಯ ಮಗ, ನೀರಿನ ಟ್ಯಾಂಕರು ಓಡಿಸುವವನು, ಅವನೂ ಆ ಗ್ರೂಪಿನಲ್ಲಿದ್ದವನೇ. ಎಣದ ಮುಂದೆ ಬ್ಯಾಡ ಕಣಮ್ಮ, ಆಗಿದ್ ಆಗೋಯ್ತು ಎಂದು ಸಮಾಧಾನ ಮಾಡಲು ನೋಡಿದ.

"ಹೆಣದ ಮುಂದೇನೇ ಬಾವ. ಇನ್ನೆಲ್ಲಿ? ಸಾರ್, ಅಪ್ಪ ಕಳ್ಸಿದ್ ಮಾತು ನಿಮ್ಮ ಫೋನಲ್ಲಿ ಐತಲ್ಲ, ಹಾಕಿ."

ಮುರಳಿ ಸುತ್ತ ನೋಡಿದ. ನಲವತ್ತು ಮಂದಿ ಇದ್ದರು. ತನ್ನ ಕಡೆ ಸತ್ಯವಿದೆ ಎಂದು ಅವನು ನಿಜವಾಗಿಯೂ ನಂಬಿದ್ದ, ಅದಕ್ಕೇ ಹೆದರಲಿಲ್ಲ. ಫೋನು ತೆಗೆದು, ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ ಹುಡುಕಿ, ದನಿ ಜೋರು ಮಾಡಿ ಒತ್ತಿದ. ಹೆಡ್ ಆಫೀಸಿನಲ್ಲಿದೆ ಎಂದಿದ್ದು ಎಂಟು ತಿಂಗಳೂ ಅವನ ಜೇಬಿನಲ್ಲಿತ್ತು.

"ಸಾ, ಬೈರಪ್ಪ ಮಾತಾಡ್ತಿರಾದು. ಬೋಟಿನೆಣ್ಣೆ ಪೂರಾ ಆಲಾಗೈತೆ. ನಾನ್ ಪೀಣ್ಯಕ್ ವೋಯ್ತಾ ಇವ್ನಿ. ನೋಡ್ಕಳಿ."

ಸೊಣ್ಣಮ್ಮ ಗಂಡನ ಮುಖವನ್ನು ನೋಡಿದಳು, ಅಲ್ಲಿಂದಲೇ ಬಂತೇನೋ ಎನ್ನುವ ಹಾಗೆ.

"ಕೇಳಿದ್ರಲ್ಲ ಮೇಡಂ," ಎಂದ ಮುರಳಿ ಮೆತ್ತಗೆ. "ಆಲ್ ಆಗೈತೆ. ಪೂರಾ ಆಲ್ ಆಗೈತೆ ಅಂತ ಅವರೇ ಹೇಳಿದಾರೆ. ಆಲ್ ಡನ್ ಅಂತ."

ಮೊದಲು ಬಾಯಿ ಬಿಟ್ಟವಳು ಸೋದರತ್ತೆ ಚಿಕ್ಕಮುನಿಯಮ್ಮ. ತಮ್ಮನ ತಲೆದೆಸೆಯಲ್ಲಿ ಕೂತಿದ್ದವಳು ಕತ್ತು ಎತ್ತಿ ಆ ಫೋನನ್ನೇ ನೋಡಿದಳು.

"ಆಲು ಕಣಪ್ಪ," ಎಂದಳು. "ಆಲು. ಅಸು ಕರಿಯಲ್ವ, ಆ ಆಲು."

ಮುರಳಿಗೆ ತಿಳಿಯಲಿಲ್ಲ. ಹಾಲು ಈ ಓಣಿಯ ಹಳಬರ ಬಾಯಲ್ಲಿ ಆಲು, ಹಸು ಅಸು. ಮುನಿರಾಜುವಿಗೆ ಮಾತ್ರ ಪೂರಾ ತಿಳಿಯಿತು. ಕೈಯಲ್ಲಿದ್ದ ಸುತಲಿ ಉಂಡೆ ಕೆಳಗಿಟ್ಟ.

"ಎಣ್ಣೆಗೆ ನೀರ್ ಸೇರುದ್ರೆ ಆಲಾಗ್ತದೆ ಸಾರ್. ಬೆಳ್ಳಗೆ. ನಾವೆಲ್ಲ ಅಂಗೇ ಅನ್ನಾದು." ಅವನ ದನಿ ತಗ್ಗುತ್ತ ಹೋಯಿತು. "ಆಲಾಗೈತೆ ಅಂದ್ಮೇಲೆ ಯಾವೋನೂ ಕೀ ಆಕಲ್ಲ. ಸ್ಟಾರ್ಟ್ ಮಾಡ್ಬ್ಯಾಡಿ ಅಂತ ಬ್ಯಾರೆ ಯೇಳದೇ ಬ್ಯಾಡ. ಮಾಮ ಯೇಳವ್ನೆ. ಸರ್ಯಾಗೇ ಯೇಳವ್ನೆ."

ವೇಣಿ ಅಪ್ಪನ ಎದೆಯ ಮೇಲೆ ಉದುರಿದ್ದ ಹೂವನ್ನು ಒಂದೊಂದಾಗಿ ಆರಿಸಿದಳು. ಅಪ್ಪ ಸುಳ್ಳಾಡಿರಲಿಲ್ಲ, ಮರೆತೂ ಇರಲಿಲ್ಲ. ತನ್ನ ಯಾವ ಮಾತನ್ನು ಅವರು ಹಾಗೆ ತಿಳಿದುಕೊಂಡರು ಎಂಬುದೇ ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಒಂಬತ್ತು ಸೆಕೆಂಡಿನ ಮಾತು. ಈ ಓಣಿಯ ಯಾವ ಮುದುಕಿಗೆ ಕೇಳಿಸಿದ್ದರೂ ಆಗುತ್ತಿತ್ತು.

"ಎಂಟು ತಿಂಗ್ಳು," ಎಂದಳು. "ಇದನ್ನ ಯಾರ್‍ಗಾದ್ರೂ ಕೇಳ್ಸಿದ್ರಾ ಸಾರ್?"

ಟ್ರಾನ್ಸ್‌ಲೇಟ್ ಮಾಡಿ ಹೆಡ್ ಆಫೀಸಿಗೆ ಬರೆದಿದ್ದೆ ಎಂದು ಅವನು ತೊದಲಿದ. ಕನ್ನಡದಿಂದ ಕನ್ನಡ ಬಲ್ಲವನೇ ಇಂಗ್ಲಿಷಿಗೆ ತಿರುಗಿಸಿದ್ದು, ಅಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ಸಾರಿ ಮೇಡಂ ಎಂದ. ಕೈ ಮುಗಿದ.

"ಸಾರಿ ನಂಗ್ಯಾಕೆ? ರಿಪೋರ್ಟ್ ಯಾವ ಗ್ರೂಪಿಗೆ ಹಾಕಿದ್ರೋ ಅದೇ ಗ್ರೂಪಿಗೆ ಇದನ್ನೂ ಹಾಕಿ. ಕೆಳಗೆ ಬರೀರಿ, ಆಲ್ ಅಲ್ಲ, ಹಾಲು, ತಪ್ಪು ಕೇಳಿಸ್ಕೊಂಡಿದ್ದು ನಾನು ಅಂತ. ಅಲ್ಲೀವರ್‍ಗೂ ಅಪ್ಪನ್ನ ಎತ್ತಲ್ಲ."

ಮೇಲಿನವರನ್ನು ಕೇಳಬೇಕಾಗುತ್ತದೆ ಎಂದ ಮುರಳಿ.

"ಕೇಳಿ. ಕಾಯ್ತೀವಿ. ಅಪ್ಪನೂ ಕಾದವ್ನೆ."

ಹೊತ್ತು ಮೀರುತ್ತದೆ ಎಂದು ಹಿರಿಯರೊಬ್ಬರು ಗೊಣಗಿದರು. ಚಿಕ್ಕಮುನಿಯಮ್ಮ ಅವರ ಕಡೆ ತಿರುಗಿ ನೋಡಿದ ಮೇಲೆ ಸುಮ್ಮನಾದರು. ಮುನಿರಾಜು ಚಟ್ಟದ ಪಕ್ಕ ನೆಲದ ಮೇಲೇ ಕೂತ. ಮುರಳಿ ಬೀದಿಯ ತುದಿಯವರೆಗೆ ಹೋಗಿ ಫೋನಿನಲ್ಲಿ ಸಾರ್ ಸಾರ್ ಎನ್ನುತ್ತ ಅತ್ತಿಂದಿತ್ತ ತಿರುಗಿದ. ಅರ್ಧ ಗಂಟೆಯಾಯಿತು. ಕೊನೆಗೆ ಆ ಕಡೆಯವರು ಏನಂದರೋ, ಫೋನು ಕಿವಿಯಿಂದ ಇಳಿಸಿದ. ಒದ್ದೆ ಕಾಲುಚೀಲದಲ್ಲೇ ವಾಪಸು ಬಂದು, ವೇಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವಳು ಹೇಳಿದ್ದನ್ನು ಒಂದೊಂದೇ ಅಕ್ಷರ ಒತ್ತಿ, ಆ ದನಿಯ ಜೊತೆ ಗ್ರೂಪಿಗೆ ಕಳಿಸಿದ. ಪರ್ಮಿಷನ್ ಸಿಕ್ಕಿತೇ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಹೆಣ ಎತ್ತಿದರು. ತಮಟೆಯವರು ಮುಂದೆ, ಹಿಂದೆ ಚಟ್ಟ, ಅದರ ಹಿಂದೆ ಬೇಡವೆಂದರೂ ಕೇಳದೆ ವೇಣಿ. ದಾರಿ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನ ಮುಂದೆಯೇ ಹಾಯುತ್ತದೆ. ಅಲ್ಲಿ ಸೆಕ್ಯುರಿಟಿ ಯಮನಪ್ಪ, ಬಾಗಲಕೋಟೆ ಕಡೆಯವನು, ಸ್ಟೂಲಿನ ಮೇಲೆ ಕೂತು, ಆಗಷ್ಟೇ ಗ್ರೂಪಿಗೆ ಬಂದದ್ದನ್ನು ಒತ್ತಿದ. ಫೋನಿನ ದನಿ ದೊಡ್ಡದಿತ್ತು.

ಸಾ, ಬೈರಪ್ಪ ಮಾತಾಡ್ತಿರಾದು.

ಮುಂದಿದ್ದ ತಮಟೆಯವನ ಕೈ ಗಾಳಿಯಲ್ಲೇ ನಿಂತಿತು. ಅವನನ್ನು ನೋಡಿ ಪಕ್ಕದವನೂ ನಿಲ್ಲಿಸಿದ. ಯಮನಪ್ಪ ತಲೆ ಎತ್ತಿದ, ಚಟ್ಟ ನೋಡಿದ, ಎದ್ದು ನಿಂತ. ಟೋಪಿ ತೆಗೆಯಲು ಹೋದವನಿಗೆ ಫೋನು ಹಿಡಿದ ಕೈ ಯಾವುದೆಂದೇ ತಿಳಿಯಲಿಲ್ಲ. ಹೊತ್ತವರು ಹೆಗಲು ಬದಲಿಸದೆ, ನಡುರಸ್ತೆಯಲ್ಲಿ, ಹಿಂದೆ ಕ್ಯಾಬುಗಳು ಹಾರ್ನು ಹೊಡೆಯುತ್ತಿದ್ದರೂ, ಬೈರಪ್ಪ ಮಾತು ಮುಗಿಸುವವರೆಗೆ ನಿಂತರು.