ಗೇಟಿನ ಬಳಿ ನಿಲ್ಲುವವಳು

ಮೊದಲು ನೋಡಿದವಳು ಇಸ್ತ್ರಿ ಅಂಗಡಿಯವನ ಹೆಂಡತಿ. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಓಡಾಡದ ಹೊತ್ತು, ಎದುರು ಮನೆಯ ಗೇಟಿನ ಬಳಿ ಒಬ್ಬಳು ಹೆಂಗಸು ನಿಂತಿದ್ದಳಂತೆ. ತಲೆಯ ಮೇಲೆ ಬೂದು ಬಣ್ಣದ ಬಟ್ಟೆ. ಗೇಟನ್ನು ಮುಟ್ಟಲಿಲ್ಲ, ಯಾರನ್ನೂ ಕರೆಯಲಿಲ್ಲ. ಕುತ್ತಿಗೆಯನ್ನು ಒಂದಿಷ್ಟು ವಾಲಿಸಿ, ಮನೆಯೊಳಗಿನ ಸದ್ದಿಗೆ ಕಿವಿಗೊಟ್ಟು ನಿಂತೇ ಇದ್ದಳಂತೆ. ಇವಳು ಮೂರು ಅಂಗಿ ತೀಡಿ ತಲೆಯೆತ್ತಿದಾಗಲೂ ಅಲ್ಲೇ. ನಾಲ್ಕನೆಯ ಅಂಗಿ ಮಡಚಿ ನೋಡಿದರೆ ಇಲ್ಲ.

ಮಾತು ಬಾಯಿಂದ ಬಾಯಿಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸೆರಗಿಗೆ ಕಟ್ಟಿಕೊಂಡೇ ಹೋಗುತ್ತದೆ. ಒಂದು ತಿಂಗಳು ಕಳೆಯುವುದರೊಳಗೆ ಅವಳಿಗೆ ಪಾದವಿರಲಿಲ್ಲ, ಮುಖವಿರಲಿಲ್ಲ, ಅವಳು ನಿಂತ ನೆಲ ಸಂಜೆಯವರೆಗೆ ತಣ್ಣಗಿರುತ್ತಿತ್ತು. ಯಾರೂ ಕಟ್ಟದೆ ಇದ್ದ ಮಾತು ಒಂದೇ: ಅವಳು ನಿಂತ ಮನೆಗಳಲ್ಲೆಲ್ಲ ಕಾಯಿಲೆಯವರಿದ್ದರು. ಅದಂತೂ ನಿಜವೇ ಆಗಿತ್ತು.

ಹಾಲು ಹಾಕುವವಳು ಈ ಸುದ್ದಿಯನ್ನು ಔಷಧಿ ಅಂಗಡಿಗೆ ತಂದಳು. ಅಲ್ಲಿ ಮಾತ್ರೆ ಕಟ್ಟಿ ಕೊಡುವ ಹೆಂಗಸನ್ನು ಊರೆಲ್ಲ ಮಾತ್ರೆಯಕ್ಕ ಎಂದೇ ಕರೆಯುತ್ತಿತ್ತು.

“ಮಾತ್ರೆಯಕ್ಕ, ನೀವೂ ಮಧ್ಯಾಹ್ನ ಒಬ್ಬರೇ ಓಡಾಡ್ಬೇಡಿ. ಗಂಟೆಗಟ್ಟಲೆ ನಿಲ್ಲುತ್ತಂತೆ. ಒಳಗೆ ಇರೋರ ಉಸಿರು ಎಣಿಸುತ್ತಂತೆ.”

“ಎಣಿಸಿ ಏನು ಮಾಡುತ್ತಂತೆ?” ಎಂದರು ಅಂಗಡಿಯ ಯಜಮಾನರು, ಕನ್ನಡಕದ ಮೇಲಿಂದ ನೋಡುತ್ತ. “ನಮ್ಮಲ್ಲಿ ಕೆಲಸಕ್ಕೆ ಬರೋದಾದ್ರೆ ಕಳಿಸು. ಎಣಿಸೋಕೆ ಬರೋರೇ ಸಿಗ್ತಿಲ್ಲ.”

“ನಗಿ ನಗಿ. ನಿಮ್ಮ ಗೇಟಿಗೆ ಬಂದಾಗ ಗೊತ್ತಾಗುತ್ತೆ.”

ಯಜಮಾನರು ನಕ್ಕರು. ಮಾತ್ರೆಯಕ್ಕನ ಕೈ ಮಾತ್ರ ಕಾಗದದ ಕವರಿನ ಮೇಲೆ ತಣ್ಣಗಾಗಿತ್ತು.

ಕಥೆ ಕೇಳುವವರಿಗೆ ಗುಟ್ಟು ಮಾಡಿ ಆಗಬೇಕಾದ್ದೇನೂ ಇಲ್ಲ. ಗೇಟುಗಳ ಬಳಿ ನಿಲ್ಲುತ್ತಿದ್ದವಳು ಮಾತ್ರೆಯಕ್ಕನೇ. ಆದರೆ ಹಾಲಿನವಳ ಮಾತು ಕೇಳಿದಾಗ ಅದು ತಾನೆಂದು ಅವಳಿಗೆ ಹೊಳೆಯಲಿಲ್ಲ. ಅವಳ ಲೆಕ್ಕದಲ್ಲಿ ಅವಳು ನಿಲ್ಲುತ್ತಿದ್ದುದು ಒಂದು ನಿಮಿಷ, ಹೆಚ್ಚೆಂದರೆ ಎರಡು. ತಾನು ಮಾತ್ರೆ ಕೊಟ್ಟವರ ಮನೆಯೊಳಗಿಂದ ಒಂದು ಕೆಮ್ಮು, ಪಾತ್ರೆಯ ಸದ್ದು, ಯಾರೋ ಯಾರನ್ನೋ ಗದರಿಸಿದ್ದು ಕೇಳಿದರೆ ಸಾಕು, ಬದುಕಿದ್ದಾರೆ ಎಂದುಕೊಂಡು ಹೊರಡುವಳು. ಗಂಟೆಗಟ್ಟಲೆ ನಿಲ್ಲುವವಳು ಬೇರೆ ಯಾರೋ ಇರಬೇಕು. ತಾನು ನಿಂತು ಬಂದ ಗೇಟುಗಳಿಗೇ, ತನ್ನ ಹಿಂದೆಯೇ, ತನ್ನ ಕೈತಪ್ಪಿನ ವಾಸನೆ ಹಿಡಿದು ಅದೂ ಬರುತ್ತಿದೆ. ಅಂದಿನಿಂದ ಅವಳು ನಡೆಯುವಾಗ ಹಿಂತಿರುಗಿ ನೋಡತೊಡಗಿದಳು. ಹಿಂದೆ ಬಿಸಿಲು ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಅಂಗಡಿಗೆ ಒಂದರಿಂದ ನಾಲ್ಕರವರೆಗೆ ಬಿಡುವು. ಅವಳು ಮನೆಗೆ ಹೋಗಿ ಉಣ್ಣುತ್ತಾಳೆಂದು ಯಜಮಾನರು ತಿಳಿದಿದ್ದರು. ಅಂಗಡಿಯಲ್ಲೇ ಉಣ್ಣುತ್ತಾಳೆಂದು ಬಸ್ಸು ಓಡಿಸುವ ಅವಳ ಗಂಡ ತಿಳಿದಿದ್ದ. ನಡುವಿನ ಆ ಮೂರು ಗಂಟೆ ಎಲ್ಲಿ ಹೋಗುತ್ತಿತ್ತೆಂದು ಅವಳನ್ನೇ ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಇದು ಶುರುವಾಗಿ ಎರಡು ವರ್ಷ. ಒಬ್ಬ ಮುದುಕ ತೀರಿಕೊಂಡಿದ್ದ. ತೊಂಬತ್ತರ ಹತ್ತಿರದ ಜೀವ, ಮಾಗಿದ ಹಣ್ಣು ಉದುರಿದ ಹಾಗೆ ಹೋಗಿತ್ತು. ಉಳಿದ ಮಾತ್ರೆ ವಾಪಸು ಕೊಡಲು ಬಂದ ಮಗ, “ನಿನ್ನೆ ತಾನೇ ನಿಮ್ಮ ಕೈಯಿಂದ ತಗೊಂಡು ಹೋಗಿದ್ದೆ ಅಕ್ಕ” ಎಂದ. ಅಷ್ಟೇ. ಅವನ ಮಾತಿನಲ್ಲಿ ದೂರು ಇರಲಿಲ್ಲ, ದುಃಖವಿತ್ತು. ಆ ಮಾತು ಅವಳೊಳಗೆ ಇಳಿದು ಬೇರೆಯದೇ ಆಗಿ ಮೊಳೆಯಿತು: ತನ್ನ ಕೈ ತಪ್ಪಿ ಬೇರೆ ಮಾತ್ರೆ ಹೋಗಿತ್ತೇನೋ.

ಆ ಅಂಗಡಿಗೆ ಒಂದು ಕ್ರಮವಿತ್ತು, ಯಜಮಾನರ ತಂದೆಯ ಕಾಲದ್ದು. ಚೀಟಿಯನ್ನು ಒಂದು ಸಲ ಕಣ್ಣಿಂದ ಓದಬೇಕು, ಒಂದು ಸಲ ಬಾಯಿಂದ. ಮಾತ್ರೆಯನ್ನು ಕವರಿಗೆ ಹಾಕಿ, ಹೊತ್ತಿಗೊಂದರಂತೆ ಕೆಂಪು ಪೆನ್ಸಿಲಿನ ಗೀಟೆಳೆದು, ಬಾಯಿ ಮಡಚಿ ಗುಂಡುಪಿನ್ನು ಚುಚ್ಚಬೇಕು. ಪಿನ್ನು ಚುಚ್ಚಿದ ಮೇಲೆ ಅದು ಕೊಳ್ಳುವವರ ಸೊತ್ತು. ಮಾತ್ರೆಯಕ್ಕನಿಗೆ ಮಾತ್ರ ಪಿನ್ನು ಚುಚ್ಚಿದ ಕೂಡಲೇ ಒಂದು ಪ್ರಶ್ನೆ ಏಳುತ್ತಿತ್ತು: ಸರಿಯಾಗಿ ನೋಡಿದೆಯಾ? ಯಾರ ದನಿಯೂ ಅಲ್ಲ, ಅವಳದೇ ದನಿ. ಅವಳು ಬಿಚ್ಚಿ ನೋಡುವಳು. ಸರಿಯಾಗಿರುತ್ತಿತ್ತು. ಮತ್ತೆ ಚುಚ್ಚುವಳು. ಈಗ ಬಿಚ್ಚಿದಾಗ ಬದಲಾಗಿಲ್ಲ ತಾನೇ?

ದೇವರ ಮುಂದೆ ಕೂತರೂ ಬಿಡುಗಡೆಯಿರಲಿಲ್ಲ. ನೂರೆಂಟು ಸಲ ಹೆಸರು ಹೇಳುತ್ತ ಎಪ್ಪತ್ತಕ್ಕೆ ಬಂದಾಗ ಒಂದು ಅಕ್ಷರ ತೊದಲಿದಂತೆ ಅನಿಸಿದರೆ ಮತ್ತೆ ಒಂದರಿಂದ. ಭಕ್ತಿಯಿಂದ ಕೂತವಳು ಬೆವರಿ ಏಳುತ್ತಿದ್ದಳು. ಕರೆದವರ ಅಕ್ಷರ ತಿದ್ದುತ್ತ ಕೂರುವಷ್ಟು ಬಡವನಲ್ಲ ಭಗವಂತ. ಅದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ, ಏಕೆಂದರೆ ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಕೈಯ ಮೇಲೆ ನಂಬಿಕೆಯಿಲ್ಲದವಳ ಕೈಯಿಂದ ಮದ್ದು ತೆಗೆದುಕೊಳ್ಳುವವರು ಯಾರು?

ಹಾಲಿನವಳು ಬಂದುಹೋದ ಒಂದು ವಾರಕ್ಕೆ ಈಗ ಹೇಳುವ ಸಂಗತಿ ನಡೆಯಿತು.

ಅಂದು ಬೆಳಿಗ್ಗೆ ಎರಡು ಕವರು ಜೊತೆಗೆ ಸಿದ್ಧವಾಗಿದ್ದವು. ಒಂದು ಬಡಗಿಯದು, ಸಕ್ಕರೆ ಇಳಿಸುವ ಮಾತ್ರೆ. ಇನ್ನೊಂದು ಅಂಚೆಯಜ್ಜಿಯದು, ರಕ್ತದೊತ್ತಡಕ್ಕೆ. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದ ಅಜ್ಜಿ ಆಕೆ. ಸೊಸೆಯ ಜೊತೆಗಿದ್ದಳು, ಸೊಸೆ ಕೆಲಸಕ್ಕೆ ಹೋಗುವ ಮೊದಲು ಬಂದು ಕವರು ಒಯ್ದು, ಮನೆಗೆ ಮುಟ್ಟಿಸಿ ಹೋಗುತ್ತಿದ್ದಳು. ಎರಡೂ ಪುಟ್ಟ ಬಿಳಿ ಮಾತ್ರೆಗಳ ಪಟ್ಟಿಗಳೇ. ಮಾತ್ರೆಯಕ್ಕ ಅಜ್ಜಿಯ ಕವರನ್ನು ಬಿಚ್ಚಿ ಚುಚ್ಚಿ, ಬಿಚ್ಚಿ ಚುಚ್ಚಿ ಎಷ್ಟೋ ಸಲ ಮಾಡಿದಳು.

“ಏನಮ್ಮ, ಕವರಿಗೆ ಕಿವಿ ಚುಚ್ತಿದ್ದೀಯೋ, ಜರಡಿ ಮಾಡ್ತಿದ್ದೀಯೋ?” ಎಂದರು ಯಜಮಾನರು.

ಅವಳು ಬೆಚ್ಚಿದಳು. ಆ ಗಳಿಗೆಯಲ್ಲಿ ಎರಡೂ ಕವರು ಬಾಯಿ ತೆರೆದುಕೊಂಡು ಅವಳ ಮುಂದೆ ಇದ್ದವು. ಗಡಿಬಿಡಿಯಲ್ಲಿ ತುಂಬಿ, ಚುಚ್ಚಿ ಕೊಟ್ಟುಬಿಟ್ಟಳು. ಒಂದು ಗಂಟೆಗೆ ಬಾಗಿಲೆಳೆದು ಬೀಗ ಹಾಕಿದಾಗ ಪ್ರಶ್ನೆ ಎದ್ದಿತು. ಎಂದಿನಂತೆ ಪಿಸುಗುಟ್ಟಲಿಲ್ಲ, ಬಾಯಿಬಿಟ್ಟೇ ಕೇಳಿತು: ಯಾವುದನ್ನು ಯಾವುದಕ್ಕೆ ತುಂಬಿದೆ?

ಅಜ್ಜಿ ಊಟ ಮಾಡಿ ಎರಡಕ್ಕೆ ಮಾತ್ರೆ ನುಂಗುತ್ತಾಳೆ. ಸಕ್ಕರೆ ಕಾಯಿಲೆಯಿಲ್ಲದ ಎಂಬತ್ತರ ಮುದುಕಿ ಸಕ್ಕರೆ ಇಳಿಸುವ ಮಾತ್ರೆ ನುಂಗಿ ಮಲಗಿದರೆ ಏಳುವುದು ಅನುಮಾನ. ಅವಳು ತಲೆಗೆ ಬೂದು ಬಟ್ಟೆ ಎಳೆದುಕೊಂಡು ನಡೆದಳು.

ಅಜ್ಜಿಯ ಬೀದಿಗೆ ಕಾಲಿಟ್ಟಾಗ ಮೊದಲ ಮನೆಯ ಕಿಟಕಿ ಮುಚ್ಚಿತು. ಗಾಳಿಯೆಂದುಕೊಂಡಳು. ಎರಡನೆಯದೂ ಮುಚ್ಚಿತು. ಅವಳು ನಡೆದಂತೆ ಎಡಕ್ಕೊಂದು ಬಲಕ್ಕೊಂದು, ಯಾರ ಕೈಯೂ ಕಾಣದೆ, ಚಿಲಕ ಬೀಳುವ ಸದ್ದು ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಬಂತು. ಅದು ಬಂದಿದೆ ಎಂದುಕೊಂಡಳು. ತಿರುಗಿ ನೋಡಿದಳು. ಯಾರೂ ಇಲ್ಲ. ಎಲ್ಲಿದೆ? ಮುಚ್ಚಿದ ಕಿಟಕಿಯೊಂದರ ಗಾಜಿನಲ್ಲಿ ಬೂದು ಬಟ್ಟೆ ಹೊದ್ದ ಒಂದು ಆಕಾರ ಕುತ್ತಿಗೆ ವಾಲಿಸಿ ನಿಂತಿತ್ತು. ಅವಳು ಬಟ್ಟೆ ಸರಿಮಾಡಿಕೊಂಡಳು. ಅದೂ ಸರಿಮಾಡಿಕೊಂಡಿತು.

ಅವಳಿಗೆ ಕೂಗಬೇಕೆನಿಸಲಿಲ್ಲ. ಓಹೋ, ಎಂದುಕೊಂಡಳು. ಊರೆಲ್ಲ ಹೆದರುತ್ತಿರುವುದು ನನಗೆ.

ಅಜ್ಜಿಯ ಗೇಟು ಬಂತು. ಒಳಗೆ ಕೆಮ್ಮು ಕೇಳಿಸಿತು. ಬೇರೆ ದಿನವಾದರೆ ಅಷ್ಟಕ್ಕೆ ಹೊರಡಬಹುದಿತ್ತು. ಇಂದು ಕೆಮ್ಮು ಸಾಲದು. ಎರಡಕ್ಕೆ ಇನ್ನು ಹತ್ತು ನಿಮಿಷ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವಳು ಗೇಟು ತೆಗೆದು ಬಾಗಿಲು ಬಡಿದಳು.

“ಹೋಗು ತಾಯಿ,” ಒಳಗಿಂದ ಅಜ್ಜಿಯ ದನಿ ಬಂತು, ನಡುಗುತ್ತಿತ್ತಾದರೂ ಜೋರಾಗಿತ್ತು. “ನಿಂಗೆ ಬೇಕಾದ್ದು ಇಲ್ಲೇನೂ ಇಲ್ಲ. ನಾನು ಬರೀ ಮೂಳೆ.”

“ಅಜ್ಜಿ, ನಾನು. ಮಾತ್ರೆಯಕ್ಕ.”

“ಮಾತ್ರೆಯಕ್ಕ ಈ ಹೊತ್ತಲ್ಲಿ ಮನೇಲಿ ಉಣ್ತಿರ್ತಾಳೆ. ಆ ಬಡಪಾಯಿ ದನಿ ಯಾಕೆ ಕದ್ಕೊಂಡು ಬಂದೆ?”

“ನಾನೇ ಅಜ್ಜಿ. ಮಾತ್ರೆ ನುಂಗ್ಬೇಡಿ. ಬದಲಾಗಿರಬಹುದು.”

“ಹಾಂ, ಮದ್ದು ಬಿಡಿಸಿ ಕರ್ಕೊಂಡು ಹೋಗೋ ಉಪಾಯ. ನಮ್ಮ ಸೊಸೆ ಎಲ್ಲಾ ಹೇಳಿದ್ದಾಳೆ.”

ತಾನೇ ತಾನೆಂದು ತೋರಿಸಲು ಅವಳ ಬಳಿ ಏನಿತ್ತು? ದನಿಯನ್ನು ನಂಬಲಿಲ್ಲ, ಹೆಸರನ್ನು ನಂಬಲಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡದ್ದೊಂದೇ ಉಳಿದಿತ್ತು. ಹಣೆಯನ್ನು ಬಾಗಿಲಿಗಿಟ್ಟು ಹೇಳಿದಳು.

“ಅಜ್ಜಿ, ಕವರಿನ ಬಾಯಿ ನೋಡಿ. ಹದಿನಾರು ತೂತು ಇರ್ತವೆ. ಒಂದು ಪಿನ್ನಿಗೆ ಎರಡು. ಎಂಟು ಸಲ ಚುಚ್ಚಿದ್ದೀನಿ. ಒಂದು ಸಲ ಚುಚ್ಚಿದ್ರೆ ಸಾಕು ಅಂತ ಗೊತ್ತು, ಆದ್ರೂ ಬಿಚ್ತೀನಿ. ಎಲ್ಲರ ಕವರೂ ಬಿಚ್ತೀನಿ. ಆಮೇಲೆ ಅವರ ಮನೆ ಮುಂದೆ ಬಂದು ನಿಲ್ತೀನಿ. ಬದುಕಿದ್ದಾರಾ ಅಂತ. ಜನ ಹೇಳೋದು ನನ್ನ ವಿಷಯಾನೇ ಅಜ್ಜಿ. ನಂಗೆ ಇವತ್ತೇ ಗೊತ್ತಾಗಿದ್ದು.”

ಒಳಗೆ ಕಾಗದ ಸರಿದಾಡಿದ್ದು, ಮೆಲ್ಲಗೆ ಎಣಿಸಿದ್ದು ಕೇಳಿಸಿತು. ಚಿಲಕ ಸರಿಯಿತು.

“ಹದಿನಾರೇ,” ಎಂದಳು ಅಜ್ಜಿ. “ದೆವ್ವಕ್ಕೆ ಲೆಕ್ಕ ಬರಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು. ಬಾ ಒಳಗೆ. ಮುಖ ನೋಡು, ಒಣಗಿದ ಸೌದೆ ಆಗಿದೆ.”

ಮೇಜಿನ ಮೇಲೆ ಕವರು ಸುರಿದು ಇಬ್ಬರೂ ನೋಡಿದರು. ಅಜ್ಜಿ ಭೂತಗನ್ನಡಿ ಹಿಡಿದು ಮಾತ್ರೆಯ ಪಟ್ಟಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿದಳು. ರಕ್ತದೊತ್ತಡದ ಮಾತ್ರೆಯೇ. ಬದಲಾಗಿರಲಿಲ್ಲ. ಅಜ್ಜಿ ಒಂದನ್ನು ನುಂಗಿ ನೀರು ಕುಡಿದಳು.

ಮಾತ್ರೆಯಕ್ಕನಿಗೆ ಕಣ್ಣು ತುಂಬಿ ಬಂತು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಲೋಕವೆಲ್ಲ ಹಗುರವಾಗಿತ್ತು. ಮರುಕ್ಷಣವೇ ಅವಳದೇ ದನಿ ಕೇಳಿತು: ಬಡಗಿಯದು?

ಅವಳು ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಕಾಲು ಬಾಗಿಲ ಕಡೆ ತಿರುಗಿತ್ತು, ತಲೆಯ ಮೇಲೆ ಬಟ್ಟೆ ಬಂದಿತ್ತು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. ಬಾಗಿಲು ಬಡಿದಾಗ ಹೆದರಿದ್ದಕ್ಕಿಂತ ಹೆಚ್ಚಿನ ಹೆದರಿಕೆ ಈಗ ಅಜ್ಜಿಯ ಕಣ್ಣಿನಲ್ಲಿತ್ತು. ಆದರೂ ಕೈ ಚಾಚಿ ಮಣಿಕಟ್ಟು ಹಿಡಿದಳು.

“ಎಲ್ಲಿಗೆ?”

“ಬಡಗಿ ಮನೆಗೆ.”

“ಎರಡು ಕವರು ಅದಲುಬದಲಾಗಿದ್ರೆ ಎರಡೂ ತಪ್ಪಾಗಿರಬೇಕು. ನಂದು ಸರಿ ಇದೆ. ಅಂದ್ಮೇಲೆ ಅವಂದು?”

“ಸರಿ ಇದೆ.”

“ಗೊತ್ತಲ್ಲ?”

“ಗೊತ್ತು.”

“ಮತ್ತೆ?”

“ಕಾಲು ಕೇಳ್ತಿಲ್ಲ ಅಜ್ಜಿ.”

ಅಜ್ಜಿ ಕೈ ಬಿಡಲಿಲ್ಲ. “ಅವನ ಮನೆ ಆದ್ಮೇಲೆ?”

ಮಾತ್ರೆಯಕ್ಕನಿಗೆ ಅದರ ಆಚೆಗೆ ಇನ್ನೊಂದು ಗೇಟು ಕಾಣುತ್ತಿತ್ತು, ಅದರಾಚೆ ಮತ್ತೊಂದು, ಎಲ್ಲದರ ಮುಂದೆಯೂ ಬೂದು ಬಟ್ಟೆ.

“ಕೂತ್ಕೋ. ನಮ್ಮ ಕಚೇರೀಲಿ ಒಬ್ಬ ಗುಮಾಸ್ತ ಇದ್ದ. ಅಂಟಿಸಿದ ಲಕೋಟೆ ಆವಿಗೆ ಹಿಡಿದು ಬಿಚ್ಚಿ ನೋಡೋನು, ಒಳಗೆ ಕಾಗದ ಇದೆಯೋ ಇಲ್ವೋ ಅಂತ. ತಲೆ ಕೆಟ್ಟಿದೆ ಅಂದ್ರು, ಕಳ್ಳ ಅಂದ್ರು. ಕೊನೆಗೆ ಅವನ ಅಕ್ಕ ಮನಸ್ಸಿನ ಡಾಕ್ಟರ ಹತ್ರ ಎಳ್ಕೊಂಡು ಹೋದ್ಲು. ಒಂದು ವರ್ಷ ಹಿಡೀತು. ಆಮೇಲೆ ನಿವೃತ್ತಿ ತನಕ ಕೆಲಸ ಮಾಡಿದ.”

“ಬಿಚ್ಚಬೇಕು ಅನ್ನೋದು ಹೋಯ್ತಾ?”

“ಪೂರ್ತಿ ಹೋಗ್ಲಿಲ್ಲವಂತೆ. ಬಿಚ್ಚದೆ ಕೂರೋದು ಕಲಿತ.”

ಅವಳು ಕೂತಳು. ಮನಸ್ಸಿನ ಡಾಕ್ಟರರ ಚೀಟಿಗಳನ್ನು ದಿನಕ್ಕೆ ಹತ್ತು ಸಲ ಓದುತ್ತಿದ್ದವಳು ಅವಳು. ಆ ಮಾತ್ರೆಗಳ ಹೆಸರು ಅವಳಿಗೆ ಬಾಯಿಪಾಠ. ಕೌಂಟರಿನ ಆಚೆ ನಿಲ್ಲುವವರ ಕಾಯಿಲೆ ಈಚೆಗೂ ಬರಬಹುದೆಂದು ಒಂದು ದಿನವೂ ತೋರಿರಲಿಲ್ಲ.

ಭಯ ಏರತೊಡಗಿತು. ಬಡಗಿ ನೆಲದ ಮೇಲೆ ಬಿದ್ದಿರುವುದು, ಮರದ ಹೊಟ್ಟಿನಲ್ಲಿ ಕೆನ್ನೆಯಿಟ್ಟಿರುವುದು ಕಣ್ಣಿಗೆ ಕಟ್ಟಿತು. “ಏನೂ ಆಗಿಲ್ಲ ಅಂತ ಇನ್ನೊಂದು ಸಲ ಹೇಳಿ ಅಜ್ಜಿ” ಎಂದಳು.

“ಹೇಳಲ್ಲ,” ಎಂದಳು ಅಜ್ಜಿ. “ಒಂದು ಸಲ ಹೇಳಾಯ್ತು. ಇನ್ನೊಂದು ಸಲ ಹೇಳಿದ್ರೆ ನಾನೂ ಪಿನ್ನು ಚುಚ್ಚಿದ ಹಾಗೆ.”

ಕೈ ಮಾತ್ರ ಹಿಡಿದೇ ಇದ್ದಳು. ಹೊರಗೆ ಬೀದಿ ಸತ್ತಂತೆ ಬಿದ್ದಿತ್ತು. ಎಷ್ಟು ಹೊತ್ತಾಯಿತೋ, ಏರಿದ ಭಯ ಏರಿದಲ್ಲೇ ನಿಂತು, ಸೋತು, ಒಂದಿಷ್ಟು ಇಳಿಯಿತು. ಯಾರೂ ಇಳಿಸಲಿಲ್ಲ, ತಾನಾಗಿ ಇಳಿಯಿತು. ಹೋಗಿ ನೋಡದೆಯೂ ಅದು ಇಳಿಯಬಲ್ಲದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹೊಟ್ಟೆ ಹಸಿದಿತ್ತು. ಅಜ್ಜಿ ಬಡಿಸಿದ್ದನ್ನು ಉಂಡಳು. ನಾಲ್ಕಕ್ಕೆ ನೇರ ಅಂಗಡಿಗೆ ಹೋಗಿ, ಬೀಗ ತೆಗೆಯುತ್ತಿದ್ದ ಯಜಮಾನರಿಗೆ ಎಲ್ಲವನ್ನೂ ಹೇಳಿದಳು.

ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, “ಮನಸ್ಸಿನ ಡಾಕ್ಟರ್ ಬೆಳಿಗ್ಗೆ ಹತ್ತಕ್ಕೆ ಬರ್ತಾರೆ. ಅವರನ್ನ ನೋಡಿ ನೀನು ಹನ್ನೊಂದಕ್ಕೆ ಬಾ” ಎಂದರು. “ಅಲ್ಲೀತನಕ ಪಿನ್ನಿನ ಡಬ್ಬಿ ನನ್ನ ಹತ್ರ ಇರಲಿ.”

ಮರುದಿನ ಡಾಕ್ಟರು, ಅವಳಿಗಿಂತ ಚಿಕ್ಕ ವಯಸ್ಸಿನ ಹೆಂಗಸು, ಇಡೀ ಕಥೆ ಕೇಳಿದಳು. “ಅನುಮಾನ ಬರದ ಹಾಗೆ ಮಾಡೋಕೆ ನನ್ನ ಕೈಲಾಗಲ್ಲ. ಬಂದಾಗ ಅದರ ಹಿಂದೆ ಹೋಗದೆ ಇರೋದನ್ನ ಸ್ವಲ್ಪ ಸ್ವಲ್ಪವೇ ಕಲಿಸ್ತೀನಿ. ವಾರಕ್ಕೊಂದು ಸಲ ಬರಬೇಕು. ಜೊತೆಗೆ ಈ ಮಾತ್ರೆ,” ಎಂದು ಚೀಟಿ ಬರೆದಳು.

ಚೀಟಿಯನ್ನು ಅವಳು ತನ್ನದೇ ಅಂಗಡಿಗೆ ತಂದು, ಮೊದಲ ಬಾರಿಗೆ ಕೌಂಟರಿನ ಹೊರಗೆ ನಿಂತಳು. ಯಜಮಾನರು ಕಣ್ಣಿಂದ ಓದಿದರು, ಬಾಯಿಂದ ಓದಿದರು. ಅವರ ಎಡಗಣ್ಣಿನ ಪೊರೆ ಇನ್ನೂ ತೆಗೆಸಿರಲಿಲ್ಲ. ಇವರು ತಪ್ಪು ಪಟ್ಟಿ ತೆಗೆದಿದ್ದರೆ? ಬಗ್ಗಿ ನೋಡಬೇಕೆನಿಸಿತು. ಬಗ್ಗಲಿಲ್ಲ.

ಊಟವಾದ ಮೇಲೆ ಮನೆಯಲ್ಲಿ ಕವರು ತೆರೆದು, ಒಂದು ಮಾತ್ರೆಯನ್ನು ಅಂಗೈಗೆ ಹಾಕಿಕೊಂಡಳು. ಪಟ್ಟಿಯ ಮೇಲಿನ ಹೆಸರು ಓದಲು ಕಣ್ಣು ತವಕಿಸಿತು. ಸರಿಯಾಗಿ ನೋಡಿದೆಯಾ, ಎಂದಿತು ದನಿ, ಕಿವಿಯ ಪಕ್ಕದಲ್ಲೇ, ಬಹಳ ಪ್ರೀತಿಯಿಂದ.

“ಇಲ್ಲ,” ಎಂದಳು ಅವಳು. ದೇವರ ಹೆಸರನ್ನು ಒಂದೇ ಒಂದು ಸಲ ಹೇಳಿ, ತೊದಲಿದ್ದನ್ನು ಹಾಗೆಯೇ ಬಿಟ್ಟು, ನುಂಗಿದಳು.